ಪಚಮಢಿಯ ಡೇರೆಗಳಲ್ಲಿ ಆರು ದಿನ

ಮುಂಬಯಿಯ ಕನ್ನಡಿಗರಿಗೆ ಗುಡ್ಡಬೆಟ್ಟಗಳ ಹುಚ್ಚೇನೂ ಕಡಿಮೆಯಲ್ಲ. ಜೊತೆಯಾಗಿ ಎರಡು ದಿನ ರಜೆ ಬಂದರೆ ಸಾಕು, ಮಾಥೇರಾನವೋ ಲೋಣಾವಳವೋ ಮಹಾಬಳೇಶ್ವರವೋ ಎಂದು ಗಂಟುಮೂಟೆ ಕಟ್ಟಿಬಿಡುತ್ತೇವೆ. ಆದರೆ ಮಧ್ಯಪ್ರದೇಶದ ಸಾತಪುಡಾ ಬೆಟ್ಟಗಳ ನೆತ್ತಿಯ ಮೇಲೆ ಕುಳಿತಿರುವ ಪಚಮಢಿಯ ಹೆಸರನ್ನು ನಮ್ಮಲ್ಲಿ ಕೇಳಿದವರು ಕೆಲವರು, ನೋಡಿದವರು ಇನ್ನೂ ಕೆಲವರು. ನಾನು ಅದನ್ನು ನೋಡಿದ್ದು ಯಾತ್ರಿಕನಾಗಿ ಅಲ್ಲ, ಹವಾ ಬದಲಾವಣೆಗೆಂದು ಹೋದವನಾಗಿಯೂ ಅಲ್ಲ. 32 ಮಕ್ಕಳ ಸ್ಕೌಟು-ಗೈಡು ಶಿಬಿರವೊಂದರ ಲೆಕ್ಕಿಗನಾಗಿ. ಸರಕಾರಿ ಕಚೇರಿಯ ಗುಮಾಸ್ತನಿಗೆ ಬೇರೇನು ಬಾರದಿದ್ದರೂ ರಸೀದಿ ಅಂಟಿಸಿ ಮೊತ್ತ ಕೂಡಿಸುವುದಾದರೂ ಬಂದೇ ಬರುತ್ತದೆಂಬ ನಂಬಿಕೆಯಿಂದ ಪರಿಚಯದ ಸ್ಕೌಟು ಮಾಸ್ತರರು ನನ್ನನ್ನು ಕರೆದರು. ಗಳಿಕೆಯ ರಜೆ ಬಾಕಿ ಇತ್ತು. 2023ರ ಡಿಸೆಂಬರಿನಲ್ಲಿ ಹೊರಟೆ.

ನಮ್ಮ ದಂಡಿನ ರಚನೆಯನ್ನು ಮೊದಲು ಹೇಳಬೇಕು. ಏಕೆಂದರೆ ಮುಂದಿನ ಕಥೆಯೆಲ್ಲ ಅದರಲ್ಲಿಯೇ ಇದೆ. 32 ಮಕ್ಕಳಲ್ಲಿ 23 ಮಂದಿ ಉಪನಗರದ ಒಂದು ಇಂಗ್ಲಿಷ್ ಶಾಲೆಯವರು. ಉಳಿದ 9 ಮಂದಿ ಕನ್ನಡ ಮಾಧ್ಯಮದ ಶಾಲೆಯವರು. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿರುವುದು ನಮ್ಮ ಓದುಗರಿಗೆ ತಿಳಿಯದ ಸಂಗತಿಯಲ್ಲ. ಈಗ ಅಲ್ಲಿ ಕಲಿಯುವವರಲ್ಲಿ ಬಹಳ ಮಂದಿ ಕಲಬುರಗಿ, ಯಾದಗಿರಿ, ರಾಯಚೂರುಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರ ಮಕ್ಕಳು. ಒಂಬತ್ತೇ ಮಕ್ಕಳಿಗಾಗಿ ಬೇರೆ ಶಿಬಿರ ಆಗುವಂತಿರಲಿಲ್ಲ. ಆದ್ದರಿಂದ ಎರಡು ಶಾಲೆಗಳ ಮಾಸ್ತರರೂ ಸೇರಿ ಒಂದೇ ಶಿಬಿರವೆಂದು ನಿಶ್ಚಯಿಸಿದರು. ಹಿರಿಯರು ಕಾಗದದ ಮೇಲೆ ಕೂಡಿಸಿದ್ದೇನೋ ಸರಿ, ಮಕ್ಕಳು ಕೂಡಬೇಕಲ್ಲ!

ರೈಲಿನಲ್ಲಿಯೇ ಅದು ಕಣ್ಣಿಗೆ ಬಿತ್ತು. ಕಲ್ಯಾಣ ದಾಟುವಷ್ಟರಲ್ಲಿ ಒಂದು ಬದಿಯಲ್ಲಿ 23, ಇನ್ನೊಂದು ಬದಿಯಲ್ಲಿ 9. ನಡುವೆ ಗೋಡೆಯಿಲ್ಲದ ಗೋಡೆ. ಅತ್ತ ಬಣ್ಣದ ಪೊಟ್ಟಣಗಳು ಬಿಚ್ಚಿಕೊಂಡವು. ಇತ್ತ ಬಟ್ಟೆಯ ಗಂಟಿನಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹೊರಬಂದವು. ಅತ್ತಣವರು ಇತ್ತ ನೋಡಿ ಏನೋ ಅಂದು ನಕ್ಕರು. ಇತ್ತಣವರು ಗಂಟನ್ನು ಮರೆಮಾಡಿಕೊಂಡು ತಿಂದರು. ನಾಸಿಕ, ಮನಮಾಡ, ಭುಸಾವಳಗಳು ಕಳೆದವು. ತಾಪಿ ನದಿಯನ್ನು ದಾಟಿದ್ದು ನಿದ್ದೆಯಲ್ಲಿ. ಇಟಾರ್ಸಿಯಲ್ಲಿ ಕವಲೊಡೆದು ಜಬಲಪುರದ ಕಡೆಗೆ ಹೊರಳುವ ಹಳಿಯ ಮೇಲೆ ಪಿಪರಿಯಾ ಎಂಬ ನಿಲ್ದಾಣವಿದೆ. ಪಚಮಢಿಗೆ ಹೋಗುವವರು ಇಳಿಯಬೇಕಾದದ್ದು ಅಲ್ಲಿ. ಮುಂದೆ ಸುಮಾರು 50 ಕಿಲೋಮೀಟರು ಬಸ್ಸಿನ ದಾರಿ. ಮಟಕುಲಿಯೆಂಬ ಊರಿನ ಹತ್ತಿರ ದೇನವಾ ನದಿ ಅಡ್ಡ ಬರುತ್ತದೆ. ಅಲ್ಲಿಂದ ಘಟ್ಟ ಶುರು; ಬಸ್ಸು ಏದುಸಿರು ಬಿಡುತ್ತ ತಿರುವು ತಿರುವಿಗೂ ಒಂದೊಂದು ಹೊಸ ಕಣಿವೆಯನ್ನು ತೋರಿಸುತ್ತದೆ.

ಪಚಮಢಿ ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದಲ್ಲಿದೆ. ಹೋಶಂಗಾಬಾದವೆಂದು ನಾವು ಭೂಗೋಳದಲ್ಲಿ ಓದಿದ್ದ ಜಿಲ್ಲೆಗೆ 2022ರಲ್ಲಿ ನರ್ಮದಾಪುರಂ ಎಂಬ ಹೆಸರಾಗಿದೆ. ಊರು ಆ ಜಿಲ್ಲೆಗೆ ಸೇರಿದ್ದು. ಬೆಟ್ಟದ ಮೇಲಿನ ಊರೆಂದರೆ ಇಳಿಜಾರಿಗೆ ಅಂಟಿಕೊಂಡ ಮನೆಗಳ ಸಾಲೆಂದು ತಿಳಿದಿದ್ದ ನನಗೆ ಇದು ಹೊಸದಾಗಿ ಕಂಡಿತು. ಇದೊಂದು ತಟ್ಟೆಯಂಥ ಬಯಲು. ಸುತ್ತ ಮರಳುಗಲ್ಲಿನ ಕೆಂಪು ಬೂದು ಕೋಡುಗಳು. ಅವುಗಳ ನಡುವೆ ಒಮ್ಮೆಲೇ ಬಾಯ್ದೆರೆದ ಆಳವಾದ ಕೊಳ್ಳಗಳು. ಸಾತಪುಡಾದಲ್ಲಿಯೇ ಎಲ್ಲಕ್ಕಿಂತ ಎತ್ತರವಾದ ಧೂಪಗಢ, 1,350 ಮೀಟರಿನದು, ಇಲ್ಲಿಯೇ ಇದೆ. ಸುತ್ತಲ ಕಾಡೆಲ್ಲ ಹೆಚ್ಚಾಗಿ ತೇಗ. ಈ ಮರಳುಗಲ್ಲಿನ ನೆಲದ ಮೇಲೆ ಮಾತ್ರ ಸಾಲವೃಕ್ಷಗಳು ಗುಂಪುಗುಂಪಾಗಿ ನಿಂತಿವೆ. ಗೊಂಡರೂ ಕೋರ್ಕುಗಳೂ ಈ ಬೆಟ್ಟಗಳ ಮೂಲನಿವಾಸಿಗಳು. ಕ್ಯಾಪ್ಟನ್ ಫಾರ್ಸೈತ್ ಎಂಬ ಆಂಗ್ಲ ಅಧಿಕಾರಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದು, ಮಧ್ಯ ಭಾರತದ ಬೆಟ್ಟಸೀಮೆಯನ್ನು ಕುರಿತು 1871ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ವರ್ಣಿಸಿದ. ಆಮೇಲೆ ಇದು ಹಳೆಯ ಮಧ್ಯಪ್ರಾಂತದ ಬೇಸಿಗೆಯ ರಾಜಧಾನಿಯೂ ಆಯಿತು.

ಸ್ಕೌಟುಗಳಿಗೆ ಮಾತ್ರ ಪಚಮಢಿಯ ಮಹತ್ವ ಬೇರೆ. 1950ರ ನವೆಂಬರ್ 7ರಂದು ದೇಶದ ಬೇರೆ ಬೇರೆ ಸ್ಕೌಟು ಸಂಸ್ಥೆಗಳು ಒಂದಾಗಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತಷ್ಟೆ. ಅದರ ರಾಷ್ಟ್ರೀಯ ತರಬೇತಿ ಕೇಂದ್ರ 1956ರಿಂದ ಇರುವುದು ಈ ಊರಿನಲ್ಲಿಯೇ. ನಮ್ಮ ಡೇರೆಗಳು ಆ ಕೇಂದ್ರದಲ್ಲಿರಲಿಲ್ಲ. ಊರ ಅಂಚಿನ ಬೇರೊಂದು ಬಯಲಿನಲ್ಲಿದ್ದವು. ಆದರೂ ಆ ನೆಲದ ಮೇಲೆ ನಿಂತು ಸ್ಕಾರ್ಫು ಕಟ್ಟಿಕೊಳ್ಳುವಾಗ ಮಕ್ಕಳ ಬೆನ್ನು ತಾನಾಗಿಯೇ ನೆಟ್ಟಗಾದುದನ್ನು ಕಂಡೆ.

ಇಳಿದ ದಿನವೇ ಮಾಸ್ತರರು ಎರಡು ಕೆಲಸ ಮಾಡಿದರು. ಮೊದಲನೆಯದು, ಮಕ್ಕಳ ಮೊಬೈಲುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಬೀಗ ಜಡಿದು ಬೀಗದ ಕೈಯನ್ನು ನನಗೆ ಕೊಟ್ಟರು. ಎರಡನೆಯದು, ಮಕ್ಕಳನ್ನು ನಾಲ್ಕು ಪಡೆಗಳಾಗಿ ಹಂಚಿದರು: ಹುಡುಗರವು ಹುಲಿ, ಆನೆ, ಗರುಡ, ಹುಡುಗಿಯರದು ಮಲ್ಲಿಗೆ. ಒಂದೊಂದರಲ್ಲಿ ಎಂಟೆಂಟು ಮಂದಿ. ಕನ್ನಡ ಶಾಲೆಯ ಏಳು ಹುಡುಗರು ಮೂರು ಪಡೆಗಳಲ್ಲಿ ಚದುರಿದರು, ಇಬ್ಬರು ಹುಡುಗಿಯರು ಮಲ್ಲಿಗೆಯಲ್ಲಿ ಸೇರಿದರು. ಅಡಿಗೆ, ನೀರು, ಸೌದೆ, ಕಾವಲು ಎಲ್ಲವೂ ಪಡೆಯ ಪಾಲಿನವು. ಒಬ್ಬ ಸೋಮಾರಿಯಾದರೆ ಎಂಟು ಮಂದಿಗೂ ಊಟ ತಡ.

ಈ ಹಂಚಿಕೆಯ ಉಪಾಯ ನಮ್ಮ ಮಾಸ್ತರರದಲ್ಲ, ಸ್ಕೌಟು ಚಳವಳಿಯಷ್ಟೇ ಹಳೆಯದು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಯೋಗಶಿಬಿರ ನಡೆಸಿದಾಗ ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದಿದ್ದ. ಅವರಲ್ಲಿ ಸಿರಿವಂತರ ಶಾಲೆಗಳಿಂದ ಬಂದವರೂ ಇದ್ದರು, ಕೂಲಿಕಾರರ ಮನೆಗಳಿಂದ ಬಂದವರೂ ಇದ್ದರು. ತೋಳ, ಕಾಗೆ, ಗೂಳಿ, ನೀರಹಕ್ಕಿ ಎಂಬ ನಾಲ್ಕು ಪಡೆಗಳಲ್ಲಿ ಅವರನ್ನು ಬೆರೆಸಿಬಿಟ್ಟ. ವರ್ಗಭೇದ ಗಟ್ಟಿಯಾಗಿದ್ದ ಆ ದೇಶದಲ್ಲಿ ಅದೊಂದು ಸಾಹಸವೇ ಸರಿ. ಭಾರತಕ್ಕೆ ಸ್ಕೌಟು ಕಾಲಿಟ್ಟದ್ದು 1909ರಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲಿ. ಆದರೆ ಆಗ ಅದರ ಬಾಗಿಲು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಅದನ್ನು ಭಾರತೀಯ ಮಕ್ಕಳಿಗೆ ತೆರೆಯಲು ವಿವಿಯನ್ ಬೋಸ್, ಆನಿ ಬೆಸೆಂಟ್, ಮದನಮೋಹನ ಮಾಳವೀಯ ಮೊದಲಾದವರು ತಮ್ಮ ತಮ್ಮ ಕಡೆ ದುಡಿಯಬೇಕಾಯಿತು. ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಬೋಸರು 1913ರಲ್ಲಿ ಆ ಕೆಲಸ ಆರಂಭಿಸಿದ್ದು ಇದೇ ಮಧ್ಯಪ್ರಾಂತದಲ್ಲಿ. ಎಂದ ಮೇಲೆ, ಯಾರನ್ನು ಒಳಗೆ ಬಿಡುವುದು, ಯಾರ ಪಕ್ಕದಲ್ಲಿ ಯಾರನ್ನು ಕೂರಿಸುವುದು ಎಂಬ ಪ್ರಶ್ನೆ ಈ ಚಳವಳಿಯ ಬೆನ್ನಿಗೆ ಹುಟ್ಟಿದಾರಭ್ಯ ಅಂಟಿಕೊಂಡು ಬಂದದ್ದು.

ಗರುಡ ಪಡೆಯ ಒಂದು ಡೇರೆಯಲ್ಲಿ ಇಬ್ಬರು ಅಕ್ಕಪಕ್ಕ ಮಲಗುವವರಾದರು. ಒಬ್ಬ ಕನ್ನಡ ಶಾಲೆಯ ಏಳನೆಯ ಇಯತ್ತೆಯವನು. ಕಲಬುರಗಿಯ ಕಡೆಯ ಹುಡುಗ, ಕುಳ್ಳ, ಕೇಳಿದ್ದಕ್ಕೆ ತಲೆಯಾಡಿಸುವುದೇ ಉತ್ತರ. ಇನ್ನೊಬ್ಬ ಇಂಗ್ಲಿಷ್ ಶಾಲೆಯವನು, ಎತ್ತರದ ಆಳು. ವಿಚಿತ್ರವೆಂದರೆ ಇವನೂ ಕನ್ನಡದವನೇ. ತಂದೆ ತಾಯಿ ಮೈಸೂರಿನ ಕಡೆಯವರು. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದರೆ ಇವನು ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ಅಂಥ ಮನೆಗಳು ನಮ್ಮಲ್ಲಿ ಎಷ್ಟಿವೆಯೆಂಬುದನ್ನು ನಾನು ಹೇಳಬೇಕಾಗಿಲ್ಲ.

ಮೊದಲ ರಾತ್ರಿ ಅತ್ತವನು ಎತ್ತರದ ಹುಡುಗನೇ. ಪಚಮಢಿಯಲ್ಲಿ ಡಿಸೆಂಬರಿನ ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅವನು ತಾಯಿಯನ್ನು ಬಿಟ್ಟು ಮಲಗಿದ್ದು ಅದೇ ಮೊದಲು. ಡಬ್ಬಿಯ ಬೀಗ ತೆಗೆಯಬೇಕೆಂದೂ ತಂದೆಗೆ ಫೋನು ಮಾಡಿ ಬಂದು ಕರೆದುಕೊಂಡು ಹೋಗೆಂದು ಹೇಳಬೇಕೆಂದೂ ಹಟ ಹಿಡಿದ. ಮಾಸ್ತರರು ಗದರಿಸಲಿಲ್ಲ, ಮುದ್ದಿಸಲೂ ಇಲ್ಲ. "ಇವತ್ತು ನೀನು ಕ್ಷೇಮವಾಗಿದ್ದೀಯೆಂದು ಮನೆಗೆ ನಾನೇ ತಿಳಿಸಿದ್ದೇನೆ. ನಾಡಿದ್ದು ಬೆಳಗ್ಗೆ ನಾನಾಗಿಯೇ ಫೋನು ತಂದು ನಿನ್ನ ಕೈಗೆ ಕೊಡುತ್ತೇನೆ. ಆಗಲೂ ಹೋಗಬೇಕೆನಿಸಿದರೆ ಹೋಗುವೆಯಂತೆ" ಎಂದರು. ಕುಳ್ಳ ಹುಡುಗ ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದ. ಆಮೇಲೆ ತನ್ನ ಕೌದಿಯ ಒಂದು ಅಂಚನ್ನು ಅವನ ಮೇಲೆ ಎಳೆದು ಮಗ್ಗುಲಾದ.

ಎರಡನೆಯ ರಾತ್ರಿ ಅಕಾಲದ ಮಳೆ ಬಂತು. ಈ ಕಡೆಯ ಜನ ಚಳಿಗಾಲದ ಮಳೆಗೆ ಮಾವಠಾ ಎನ್ನುತ್ತಾರೆ. ಗಾಳಿ ಕೊಳ್ಳಗಳಿಂದ ಎದ್ದು ಬಂದು ಡೇರೆಗಳನ್ನು ಹಿಡಿದು ಜಗ್ಗಾಡಿತು. ನಾನೂ ಮಾಸ್ತರರೂ ಕಂದೀಲು ಹಿಡಿದು ಓಡುವಷ್ಟರಲ್ಲಿ ಆನೆ ಪಡೆಯ ಒಂದು ಡೇರೆ ಮಲಗಿಯೇ ಬಿಟ್ಟಿತ್ತು. ಒಳಗಿದ್ದ ಹುಡುಗರು ಬಟ್ಟೆಯ ಕೆಳಗೆ ಬೆಕ್ಕಿನ ಮರಿಗಳಂತೆ ಹೊರಳಾಡುತ್ತಿದ್ದರು. ಇತ್ತ ಗರುಡ ಪಡೆಯವರು ತಮ್ಮ ಡೇರೆಯ ಹಗ್ಗಗಳನ್ನು ಶಕ್ತಿಯಿದ್ದಷ್ಟೂ ಬಿಗಿದು ಕಟ್ಟುತ್ತಿದ್ದರು. ಆಗ ಎರಡು ದಿನಗಳಿಂದ ಬಾಯಿ ತೆರೆಯದಿದ್ದ ಕುಳ್ಳನ ದನಿ ಮಳೆಯನ್ನು ಸೀಳಿಕೊಂಡು ಬಂತು:

"ಬಿಗೀ ಬ್ಯಾಡ್ರೋ! ಸಡ್ಲ ಬಿಡ್ರಿ! ಹಸಿ ಆದ್ರ ಹಗ್ಗ ಜಗ್ತದ, ಗೂಟ ಕಿತ್ಗೊಂಡು ಹೋಗ್ತದ!"

ಮಾತು ಅರ್ಥವಾಗದವರಿಗೆ ಕೈ ಅರ್ಥವಾಯಿತು. ಅವನು ಒಂದೊಂದೇ ಹಗ್ಗವನ್ನು ತುಸು ಸಡಿಲಿಸಿ, ಗೂಟದ ಮೇಲೆ ಕಲ್ಲು ಹೇರಿ, ತಟ್ಟೆಯೊಂದನ್ನೇ ಸನಿಕೆ ಮಾಡಿಕೊಂಡು ಡೇರೆಯ ಸುತ್ತ ನೀರು ಹೋಗಲು ಕಾಲುವೆ ತೋಡತೊಡಗಿದ. ಉಳಿದವರೂ ತಟ್ಟೆ ಹಿಡಿದರು. ನೂಲಿನ ಹಗ್ಗ ನೆನೆದರೆ ಕುಗ್ಗುತ್ತದೆ, ಆದ್ದರಿಂದ ರಾತ್ರಿ ಅದನ್ನು ಸಡಿಲಿಸಿಯೇ ಮಲಗಬೇಕು ಎಂಬುದು ಸ್ಕೌಟಿನ ಪುಸ್ತಕದಲ್ಲಿರುವ ಪಾಠ. ಈ ಹುಡುಗ ಅದನ್ನು ಪುಸ್ತಕದಿಂದ ಕಲಿತವನಲ್ಲ. ಕಟ್ಟಡದ ಬದಿಯಲ್ಲಿ ತಗಡು, ತಾಡಪತ್ರಿಗಳ ಗುಡಿಸಲಿನಲ್ಲಿ ಮುಂಬಯಿಯ ಮಳೆಗಾಲಗಳನ್ನು ಕಳೆದವನು. ತಂದೆಯ ಜೊತೆಗೆ ನಡುರಾತ್ರಿಯಲ್ಲಿ ಎದ್ದು ಎಷ್ಟು ಸಲ ಹಗ್ಗ ಕಟ್ಟಿದ್ದನೋ! ಯಾವುದನ್ನು ಹೇಳಿಕೊಳ್ಳಲು ನಾಚುತ್ತಿದ್ದನೋ ಆ ಬದುಕೇ ಆ ರಾತ್ರಿ ಗರುಡ ಪಡೆಯ ಡೇರೆಗಳನ್ನು ಉಳಿಸಿತು. ಬೆಳಗಿನ ಜಾವಕ್ಕೆ ಆನೆಗಳೂ ಗರುಡಗಳೂ ಹದಿನಾರು ಮಂದಿ, ಇದ್ದ ಒಣ ಹೊದಿಕೆಗಳನ್ನೆಲ್ಲ ಹಂಚಿಕೊಂಡು, ಯಾರ ಕಾಲು ಯಾರದೆಂದು ತಿಳಿಯದಂತೆ ಮುದುಡಿ ಮಲಗಿದ್ದರು.

ಬೆಳಗಾಯಿತು. ಮಾಸ್ತರರು ಕೊಟ್ಟ ಮಾತಿನಂತೆ ಫೋನು ತಂದರು. ಎತ್ತರದ ಹುಡುಗ ಕೆಸರಾದ ಕೈಗಳನ್ನು ನೋಡಿಕೊಂಡು, "ಚೌರಾಗಢ ಹತ್ತಿ ಬಂದ ಮೇಲೆ ಮಾಡುತ್ತೇನೆ, ಸರ್" ಎಂದ. ಫೋನು ಮತ್ತೆ ಡಬ್ಬಿ ಸೇರಿತು.

ಆ ದಿನ ಬಟ್ಟೆ ಒಣಗಿಸುವುದರಲ್ಲಿಯೇ ಅರ್ಧ ಹೊತ್ತು ಹೋಯಿತು. ಉಳಿದರ್ಧದಲ್ಲಿ ಪಾಂಡವ ಗುಹೆಗಳನ್ನೂ ಜಟಾಶಂಕರವನ್ನೂ ನೋಡಿದೆವು. ಒಂದು ದಿಬ್ಬದ ಮರಳುಗಲ್ಲಿನಲ್ಲಿ ಕಡೆದ ಐದು ಗುಹೆಗಳು ಪಾಂಡವರು ವನವಾಸದಲ್ಲಿ ಇದ್ದ ಮನೆಗಳೆಂದು ಜನ ನಂಬುತ್ತಾರೆ. ಬೌದ್ಧ ಭಿಕ್ಷುಗಳು ಕಡೆಸಿದ್ದಿರಬೇಕೆಂದು ವಿದ್ವಾಂಸರ ಮತ. ಐದು ಮಢಿಗಳಿಂದಲೇ ಊರಿಗೆ ಪಚಮಢಿಯೆಂಬ ಹೆಸರು. ಜಟಾಶಂಕರ ಇನ್ನೂ ಸೊಗಸು. ಎರಡು ಬಂಡೆಗೋಡೆಗಳ ನಡುವಣ ಕೊರಕಲಿನಲ್ಲಿ ಇಳಿಯುತ್ತ ಹೋದಂತೆ ಬಿಸಿಲು ಮೇಲೆಯೇ ಉಳಿಯುತ್ತದೆ. ಅಡಿಯಲ್ಲಿ ತಣ್ಣನೆಯ ಗವಿ, ನೀರು ಜಿನುಗುವ ಸದ್ದು, ತಾನಾಗಿ ಮೂಡಿದ ಲಿಂಗಾಕಾರದ ಕಲ್ಲುಗಳು. ಭಸ್ಮಾಸುರನಿಗೆ ವರ ಕೊಟ್ಟು ಪೇಚಿಗೆ ಬಿದ್ದ ಶಿವ ಓಡಿಬಂದು ಅಡಗಿದ್ದು ಇಲ್ಲಿಯೇ ಎಂದು ಪ್ರತೀತಿ. ಕಥೆ ಕೇಳಿದ ಕುಳ್ಳನ ಕಣ್ಣು ಅರಳಿತು. ಅವನ ಅಜ್ಜ ಊರಿನಲ್ಲಿ ಬಯಲಾಟದ ವೇಷ ಕಟ್ಟುತ್ತಿದ್ದನಂತೆ.

ನಾಲ್ಕನೆಯ ದಿನ ಚೌರಾಗಢ. ಮಹಾದೇವ ಗವಿಯ ಕಡೆಯಿಂದ ಕಾಡಿನ ಕಾಲುದಾರಿ, ಆಮೇಲೆ ಸಾವಿರಕ್ಕೂ ಮಿಕ್ಕ ಮೆಟ್ಟಿಲು. ಹರಕೆ ಹೊತ್ತವರು ಹೆಗಲ ಮೇಲೆ ತ್ರಿಶೂಲ ಹೊತ್ತು ಹತ್ತುತ್ತಾರೆ. ಕೆಲವು ತ್ರಿಶೂಲಗಳು ಅಂಗೈಯಷ್ಟು, ಕೆಲವು ಒಬ್ಬಾಳಿಗೆ ಮಿಕ್ಕ ಭಾರದವು. ಶಿವರಾತ್ರಿಯಲ್ಲಿ ಇಲ್ಲಿ ದೊಡ್ಡ ಜಾತ್ರೆ. ಮಹಾರಾಷ್ಟ್ರದಿಂದಲೂ ಜನ ಕಿಕ್ಕಿರಿದು ಬರುತ್ತಾರೆ. ಶಿಖರದ ಗುಡಿಯ ಸುತ್ತ ಹಾಗೆ ಅರ್ಪಿಸಿದ ತ್ರಿಶೂಲಗಳ ರಾಶಿಯೇ ಬಿದ್ದಿದೆ. ಅಷ್ಟೂ ಕಬ್ಬಿಣ ಒಬ್ಬೊಬ್ಬರ ಹೆಗಲ ಮೇಲೆ ಬಂದದ್ದೆಂದು ನೆನೆದರೆ ಮನುಷ್ಯನ ತಾಳಿಕೆಗೆ ಬೇರೆ ಸಾಕ್ಷಿ ಬೇಡ.

ಅರ್ಧ ದಾರಿಯಲ್ಲಿ ಕುಳ್ಳ ಕುಂಟತೊಡಗಿದ. ಯಾರದೋ ಹಳೆಯ ಬೂಟು ತೊಟ್ಟು ಬಂದಿದ್ದ; ಹಿಮ್ಮಡಿ ಸುಲಿದು ಬೊಬ್ಬೆ ಒಡೆದಿತ್ತು. ಹೇಳಿದರೆ ಹಿಂದಕ್ಕೆ ಕಳಿಸಿಯಾರೆಂಬ ಭಯದಿಂದ ಹೇಳಿರಲಿಲ್ಲ. ಎತ್ತರದವನು ಪ್ರಥಮ ಚಿಕಿತ್ಸೆಯ ಪಟ್ಟಿ ಕಟ್ಟಿ, ತನ್ನ ದಪ್ಪ ಕಾಲುಚೀಲಗಳನ್ನು ಬಿಚ್ಚಿ ಅವನಿಗೆ ತೊಡಿಸಿ, ಅವನ ಚೀಲವನ್ನು ತನ್ನ ಚೀಲದ ಮೇಲೆ ಏರಿಸಿಕೊಂಡ. ಗರುಡ ಪಡೆ ಎಲ್ಲರಿಗಿಂತ ಕಡೆಗೆ ಶಿಖರ ಮುಟ್ಟಿತು. ಆದರೆ ಎಂಟಕ್ಕೆ ಎಂಟೂ ಮಂದಿ ಕೂಡಿಯೇ ಮುಟ್ಟಿದರು. ಮೇಲಿನಿಂದ ಕಂಡ ಸಾತಪುಡಾದ ಸಾಲುಸಾಲು ನೀಲಿ ಬೆಟ್ಟಗಳನ್ನು ವರ್ಣಿಸಲು ಗುಮಾಸ್ತನ ಲೇಖಣಿ ಸಾಲದು.

ಎಲ್ಲ ಮಕ್ಕಳೂ ಗೆಳೆಯರಾಗಿಬಿಟ್ಟರೆಂದು ಬರೆದರೆ ಸುಳ್ಳಾದೀತು. ಬೆಲ್ಲದ ಡಬ್ಬಿಯೊಂದು ಕಾಣೆಯಾದ ವಿಷಯದಲ್ಲಿ ಹುಲಿಗಳಿಗೂ ಆನೆಗಳಿಗೂ ಹುಟ್ಟಿದ ಜಗಳ ಮುಂಬಯಿಯವರೆಗೂ ಬಂತು. ಒಬ್ಬ ಹುಡುಗನಿಗೆ ಜ್ವರ ಬಂದು ಎರಡು ದಿನ ಡೇರೆಯಲ್ಲಿಯೇ ಕಳೆದ. ಆದರೆ ಐದನೆಯ ರಾತ್ರಿಯ ಶಿಬಿರಾಗ್ನಿಯಲ್ಲಿ ಆದದ್ದನ್ನು ಹೇಳಲೇಬೇಕು. ಪ್ರತಿ ಪಡೆಯೂ ಏನಾದರೊಂದು ಆಡಿ ತೋರಿಸಬೇಕಷ್ಟೆ. ಗರುಡ ಪಡೆ ಭಸ್ಮಾಸುರನ ಆಟ ಆಡಿತು, ಅದೂ ಕನ್ನಡದಲ್ಲಿ. ಕುಳ್ಳನೇ ಭಸ್ಮಾಸುರ, ಮುಖಕ್ಕೆ ಇದ್ದಿಲು, ತಲೆಗೆ ಸಾಲದ ಎಲೆಗಳ ಕಿರೀಟ. ಅವನು "ಭಲೇ!" ಎಂದು ಕಾಲು ಅಪ್ಪಳಿಸಿ ನಿಂತಾಗ ಇವನೇ ತಲೆಯಾಡಿಸುತ್ತಿದ್ದ ಹುಡುಗನೇ ಎಂದು ನಾವೆಲ್ಲ ಬೆರಗಾದೆವು. ಎತ್ತರದವನು ಹೊದಿಕೆಯನ್ನು ಸೀರೆಯಂತೆ ಸುತ್ತಿಕೊಂಡು ಮೋಹಿನಿಯಾದ. ಅವನು ಎರಡು ದಿನ ಕಷ್ಟಪಟ್ಟು ಬಾಯಿಪಾಠ ಮಾಡಿದ್ದ ನಾಲ್ಕು ಮಾತುಗಳೂ ಅಚ್ಚ ಕಲಬುರಗಿಯ ಕನ್ನಡ! ಗುಜರಾತಿ, ಮರಾಠಿ, ತಮಿಳು ಮನೆಗಳ ಮಕ್ಕಳು ಭಾಷೆ ತಿಳಿಯದೆಯೂ ಹೊಟ್ಟೆ ಹಿಡಿದು ನಕ್ಕರು. ಈ ಸಲದ ನಗು ರೈಲಿನಲ್ಲಿ ಕೇಳಿದ ನಗುವಾಗಿರಲಿಲ್ಲ.

ಬೆಂಕಿ ಆರುತ್ತಿದ್ದಂತೆ ನನ್ನ ಮನಸ್ಸು ನಮ್ಮ ಹಿಂದಿನವರ ಕಡೆಗೆ ಹೋಯಿತು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಊರು ಬಿಟ್ಟು ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಿಗೆ ಡೇರೆಯಿರಲಿಲ್ಲ, ಸ್ಕಾರ್ಫು ಇರಲಿಲ್ಲ. ಹೋಟೆಲಿನ ಮಹಡಿಯ ಮೇಲೆ ಚಾಪೆಗೆ ಚಾಪೆ ತಾಗಿಸಿ ಮಲಗಿದ ಹುಡುಗರೇ ಅವರ ಪಡೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಅವರು ಬಲ್ಲರು. ಆದರೆ ತಾಳುವುದು ಒಬ್ಬನಿಂದಲೇ ಆಗುವ ಕೆಲಸವಲ್ಲ; ಪಕ್ಕದಲ್ಲಿ ಕೌದಿಯ ಅಂಚನ್ನು ಎಳೆದು ಹೊದಿಸುವವನೊಬ್ಬ ಬೇಕು. ಇಂದಿನ ನಮ್ಮ ಮಕ್ಕಳಿಗೆ ಅನ್ನಬಟ್ಟೆಯ ಕೊರತೆಯಿಲ್ಲ. ಕೊರತೆಯಿರುವುದು ಅಂಥ ಪಕ್ಕದವನದು. ಅವನನ್ನು ಒದಗಿಸುವುದೇ ಇಂಥ ಶಿಬಿರಗಳ ದೊಡ್ಡ ಉಪಕಾರವೆಂದು ನನಗೆ ತೋರುತ್ತದೆ.

ಅವರಿಬ್ಬರ ಮುಂದಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಎತ್ತರದವನು ಮನೆಗೆ ಬಂದವನೇ ಅಜ್ಜಿಯೊಡನೆ "ಊಟ ಆತೇನ್ರೀ?" ಎಂದನಂತೆ. ಮೈಸೂರಿನ ಅಜ್ಜಿ ಮೊದಲು ಕಣ್ಣುಕಣ್ಣು ಬಿಟ್ಟು, ಆಮೇಲೆ ಯಾವ ಕನ್ನಡವಾದರೇನು, ಬಂತಲ್ಲ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಕುಳ್ಳನದು ಅಷ್ಟು ಸುಲಭವಲ್ಲ. ಅವನ ಶಾಲೆಯಲ್ಲಿ ಏಳನೆಯ ಇಯತ್ತೆಯ ಮುಂದೆ ತರಗತಿಯಿಲ್ಲ. ಎಂಟನೆಯದಕ್ಕೆ ಬೇರೆ ಶಾಲೆ, ಬೇರೆ ಮಾಧ್ಯಮ. ಅಲ್ಲಿಯೇ ಎಷ್ಟೋ ಮಕ್ಕಳು ಓದು ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಅವನ ತಂದೆಯ ವಿಚಾರವೂ ಹಾಗೆಯೇ ಇತ್ತು. ಮಾಸ್ತರರು ಎರಡು ಸಲ ಹೋಗಿ ಮಾತಾಡಿದರು. 2024ರ ಜೂನಿನಲ್ಲಿ ಅವನ ಹೆಸರು ಎಂಟನೆಯ ಇಯತ್ತೆಯ ಹಾಜರಿಪಟ್ಟಿಯಲ್ಲಿ ಏರಿತು. ಇಂಗ್ಲಿಷು ಕಠಿಣವಾಗುತ್ತದೆ. ಭಾನುವಾರ ಸ್ಕೌಟು ಸಭೆ ಮುಗಿದ ಮೇಲೆ ಎತ್ತರದವನು ಒಂದು ತಾಸು ಕೂತು ಹೇಳಿಕೊಡುತ್ತಾನೆ. ಮುಂದೇನಾಗುವುದೋ ದೇವರೇ ಬಲ್ಲ. ಈ ಹೊತ್ತಿಗೆ ಹಗ್ಗ ಬಿಗಿಯಲೂ ಇಲ್ಲ, ಗೂಟ ಕೀಳಲೂ ಇಲ್ಲ.

ಮಕ್ಕಳನ್ನು ಶಿಬಿರಕ್ಕೆ ಕಳಿಸುವ ತಾಯಿತಂದೆಗಳಿಗೆ ಲೆಕ್ಕಿಗನ ಎರಡು ಮಾತು. ಡಿಸೆಂಬರಿನಲ್ಲಿ ಪಚಮಢಿಗೆ ಹೋಗುವ ಮಗುವಿಗೆ ಉಣ್ಣೆಯ ಟೊಪ್ಪಿಗೆ, ಎರಡು ಜೊತೆ ದಪ್ಪ ಕಾಲುಚೀಲ, ಒಂದು ಒಳ್ಳೆಯ ಹೊದಿಕೆ, ಕಾಲಿಗೆ ಹೊಂದಿಕೊಂಡ ಬೂಟು ಇಷ್ಟು ಇದ್ದರೆ ಸಾಕು. ತಿಂಡಿಯ ಡಬ್ಬಿಗಳು ಬೇಡ. ದಿನಕ್ಕೆ ಮೂರು ಸಲ ಫೋನು ಮಾಡಬೇಡಿ. ಇನ್ನು ನಮ್ಮ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಕನ್ನಡ ಶಾಲೆಯ ಆ ಒಂಬತ್ತು ಮಕ್ಕಳ ರೈಲು ವೆಚ್ಚವನ್ನೂ ಊಟದ ವೆಚ್ಚವನ್ನೂ ಆ ಸಲ ಕೆಲವು ಉದಾರಿಗಳು ಸದ್ದಿಲ್ಲದೆ ಕೊಟ್ಟರು. ಬೂಟಿನ ಬಾಬ್ತು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಮುಂದಿನ ಶಿಬಿರದ ಅಂದಾಜುಪಟ್ಟಿ ಬರೆಯುವಾಗ ಒಂಬತ್ತು ಜೊತೆ ಬೂಟುಗಳನ್ನೂ ಅದರಲ್ಲಿ ಸೇರಿಸಬೇಕೆಂದು ಈಗಲೇ ಗುರುತು ಹಾಕಿಟ್ಟಿದ್ದೇನೆ. ಓದುಗರಲ್ಲಿ ಯಾರಾದರೂ ಒಂದೊಂದು ಜೊತೆಯ ಭಾರ ಹೊತ್ತರೆ ಆ ಬಾಬ್ತು ತುಂಬಿಬರುತ್ತದೆ.